ಒಂಬತ್ತು ಅಕ್ಷರ, ಒಂದು ಕೊಕ್ಕೆ

ಟೌಲರ್ಸ್ ಬಿಸ್ಕಿಟ್ಸ್ ಕಾರ್ಖಾನೆಯವರು ಆಲ್ಮಾ ಹಾಯ್ಲ್ ಎಂಬ ಹೆಂಗಸಿಗೆ ಎರಡು ಪೌಂಡು ಎಂಬತ್ತು ಪೆನ್ಸ್ ಇನ್ನೂ ಕೊಡಬೇಕು. ಒಂಬತ್ತು ಇಂಗ್ಲಿಷ್ ಅಕ್ಷರ ಮತ್ತು ಒಂದು ಕೊಕ್ಕೆಯ ಬಾಬ್ತು. ಕಾರ್ಖಾನೆ ಮುಚ್ಚಿ ಅಲ್ಲಿ ಕಾರ್ಪೆಟ್ ಅಂಗಡಿ ಬಂದು ಕೂತಿದೆ. ಆದರೇನು, ಗೋಡೆ ಬಿದ್ದರೆ ಬಾಕಿ ಬಿದ್ದುಹೋಗುವುದಿಲ್ಲ.

ಆಲ್ಮಾ ಹದಿನಾಲ್ಕನೇ ವಯಸ್ಸಿಗೆ, ಎರಡನೇ ಮಹಾಯುದ್ಧದ ಕಾಲದಲ್ಲಿ, ಆ ಕಾರ್ಖಾನೆಯ ಡಬ್ಬಿ ತುಂಬುವ ಕೋಣೆಗೆ ಸೇರಿದವಳು. ನಲವತ್ತೆಂಟಾದರೂ ಅದೇ ಕೋಣೆ, ಅದೇ ಬೆಲ್ಟು. ಒಲೆಯಿಂದ ಬಿಸಿಬಿಸಿ ಬಿಸ್ಕತ್ತು ಬೆಲ್ಟಿನ ಮೇಲೆ ಮೆರವಣಿಗೆ ಬರುತ್ತಿತ್ತು, ಎರಡೂ ಬದಿಗೆ ನಿಂತ ಹೆಂಗಸರು ಬಾಚಿ ಬಾಚಿ ಡಬ್ಬಿಗೆ ತುಂಬುತ್ತಿದ್ದರು. ಕೈಗೆ ಕೆಲಸ ಇತ್ತು, ತಲೆಗಿರಲಿಲ್ಲ. ಖಾಲಿ ತಲೆಗೊಂದು ಆಟ ಬೇಕಲ್ಲ? ಅದಕ್ಕೆ ಅವರು ಬೆಲ್ಟಾಟ ಅಂತ ಒಂದು ಕಟ್ಟಿಕೊಂಡಿದ್ದರು.

ಆಟ ಇಷ್ಟೇ. ಒಬ್ಬಳು ಡಬ್ಬಿಯ ಮೇಲಿನ ಒಂದು ಇಂಗ್ಲಿಷ್ ಪದ ಕೂಗಬೇಕು. ಅದರ ಅಕ್ಷರಗಳನ್ನೇ ಆಯ್ದು ಉಳಿದವರು ಬೇರೆ ಪದ ಹುಡುಕಬೇಕು. ಬೇಡದ ಅಕ್ಷರ ಬಿಡಬಹುದು, ಆದರೆ ದಾಟಿ ಬಂದ ಅಕ್ಷರಕ್ಕೆ ಮತ್ತೆ ಕೈ ಹಾಕುವಂತಿಲ್ಲ. ಬೆಲ್ಟಿನ ಮೇಲೆ ಮುಂದೆ ಹೋದ ಬಿಸ್ಕತ್ತು ಹಿಂದೆ ಬರುತ್ತದೆಯೇ? ಹಾಗೇ ಇದು. ಶಾರ್ಟ್‌ಬ್ರೆಡ್ ಎಂದು ಕೂಗಿದರೆ ಅದರಲ್ಲಿ ಟಿ, ಇ, ಎ ಆ ಸಾಲಿನಲ್ಲೇ ಬರುತ್ತವೆ, ಹಾಗಾಗಿ ಟೀ ಸಿಕ್ಕಿತು. ಅದೇ ಮೂರನ್ನು ಇ, ಎ, ಟಿ ಎಂದು ತಿರುಗಿಸಿ 'ಈಟ್' ಎಂದು ಹೇಳಿದವಳಿಗೆ ಇಡೀ ಸಾಲು ಒಂದೇ ಸ್ವರದಲ್ಲಿ ಹಾಡುತ್ತಿತ್ತು:

"ಹೋದ ಬಿಸ್ಕತ್ತು ಹೋಯ್ತು! ಕುಡಿಯೋಕುಂಟು, ತಿನ್ನೋಕಿಲ್ಲ!"

ಶುಕ್ರವಾರ ಸೋತವಳು ಗೆದ್ದವಳಿಗೆ ಒಂದು ಚೀಲ ಒಡಕು ಬಿಸ್ಕತ್ತು ಕೊಡಿಸಬೇಕಿತ್ತು. ಆಲ್ಮಾ ಮನೆಯಲ್ಲಿ ಒಡಕು ಬಿಸ್ಕತ್ತು ಎಷ್ಟಿತ್ತೆಂದರೆ ಅವಳ ಗಂಡ ಇಡೀ ಬಿಸ್ಕತ್ತಿನ ರುಚಿಯೇ ಮರೆತುಬಿಟ್ಟಿದ್ದ.

ಹಾಗಂತ ಅವಳು ದೊಡ್ಡ ಪಂಡಿತೆಯೇನೂ ಅಲ್ಲ. ಅವಳ ಸ್ಪೆಲ್ಲಿಂಗು ನೋಡಿದರೆ ಮೇಷ್ಟ್ರು ಅಳಬೇಕು. ಸಕ್ಕರೆಯ ಇಂಗ್ಲಿಷ್ ಪದವನ್ನು ಮೂರು ತರ ಬರೆಯುತ್ತಿದ್ದಳು, ಮೂರೂ ತಪ್ಪು. ಪಕ್ಕದಲ್ಲಿ ನಿಲ್ಲುತ್ತಿದ್ದ ಕ್ಲಾರಿಸ್ ನಟ್ಟರ್‌ಗೆ ಸ್ಪೆಲ್ಲಿಂಗು ಕರತಲಾಮಲಕ, ಆದರೆ ಪದ ಕಣ್ಣಿಗೆ ಬೀಳುತ್ತಿರಲಿಲ್ಲ. ಆಲ್ಮಾ ಕಂಡದ್ದನ್ನು ಕೂಗುವುದು, ಕ್ಲಾರಿಸ್ ಅದು ಸರಿಯೇ ಎಂದು ತೀರ್ಪು ಕೊಡುವುದು. ಮೂವತ್ತು ವರ್ಷ ಹೀಗೆ ಜಗಳವಾಡಿಕೊಂಡೇ ಇಬ್ಬರ ಸ್ನೇಹ ಗಟ್ಟಿಯಾಗಿತ್ತು.

ಜಂಬದಲ್ಲಿ ಮಾತ್ರ ಆಲ್ಮಾಗೆ ಸಾಟಿಯಿರಲಿಲ್ಲ. "ನನ್ನ ಕಣ್ಣಿಗೆ ವಿಮೆ ಮಾಡಿಸ್ಬೇಕು ಕಣೇ," ಎನ್ನುತ್ತಿದ್ದಳು.

"ಬಾಯಿಗೆ ಮೊದಲು ಬೀಗ ಮಾಡಿಸು," ಎನ್ನುತ್ತಿದ್ದಳು ಕ್ಲಾರಿಸ್.

ಯಾರ್ಕ್‌ಷೈರಿನ ಆ ಕಡೆ ಗಿರಣಿ ಕಾರ್ಖಾನೆಗಳಲ್ಲಿ ಒಂದು ಪದ್ಧತಿ ಇತ್ತು. ಕೆಲಸಕ್ಕೆ ಸೇರಿದ ಮೊದಲ ವಾರದ ಕೂಲಿಯನ್ನು ಮಾಲೀಕ ಕೊಡುತ್ತಿರಲಿಲ್ಲ, ತನ್ನ ಕೈಯಲ್ಲೇ ಇಟ್ಟುಕೊಳ್ಳುತ್ತಿದ್ದ. ಕೈವಾರ ಅಂತ ಅದಕ್ಕೆ ಹೆಸರು. ಎರಡನೇ ವಾರ ದುಡಿದರೆ ಮೊದಲನೇ ವಾರದ್ದು ಕೈಗೆ ಬರುವುದು. ಹೀಗೆ ಯಾವತ್ತೂ ಒಂದು ವಾರದ ಬೆವರು ಮಾಲೀಕನ ಜೇಬಿನಲ್ಲಿ ಬೆಚ್ಚಗೆ ಮಲಗಿರುತ್ತಿತ್ತು. ಕೆಲಸ ಬಿಟ್ಟ ದಿನ ಅದನ್ನು ಎಬ್ಬಿಸಿ ಕೊಡಬೇಕು, ಆ ದಿನದ ದರದಲ್ಲಿ. ಯಾರೂ ಬರೆದಿಟ್ಟದ್ದಲ್ಲ, ಎಲ್ಲರೂ ಬಲ್ಲದ್ದು.

ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಟೌಲರ್ ಮನೆತನದವರು ಕಾರ್ಖಾನೆಯನ್ನು ಲಂಡನ್ನಿನ ಒಂದು ಕಂಪನಿಗೆ ಮಾರಿದರು. ಹೆಸರು ಉಳಿಯಿತು, ಮನುಷ್ಯರು ಬದಲಾದರು. ಹೊಸ ಮ್ಯಾನೇಜರ್ ಪೆಲ್ಲಿಂಗ್ ಬಂದ. ತೆಳ್ಳಗೆ, ಬೆಳ್ಳಗೆ, ಒಲೆಗೆ ಹಾಕುವುದನ್ನು ಮರೆತ ಬಿಸ್ಕತ್ತಿನ ಹಾಗಿದ್ದ. ಡಿಸೆಂಬರ್ ಮೊದಲ ವಾರ ಕ್ಯಾಂಟೀನಿನಲ್ಲಿ ಟೇಬಲ್ಲಿನ ಮುಂದೆ ನಿಂತು, ಹೊಸ ವರ್ಷದಿಂದ ತಿಂಗಳ ಸಂಬಳ, ಅದೂ ಬ್ಯಾಂಕಿಗೆ, ಎಂದು ಹೇಳಿದ.

"ಹಾಗಾದ್ರೆ ಕೈವಾರ?" ಕೇಳಿದ್ದು ಆಲ್ಮಾ.

"ಆ ಪದ್ಧತಿ ಇನ್ನಿಲ್ಲ, ಲೇಡೀಸ್. ಎಲ್ಲರ ಕೈವಾರವನ್ನೂ ಕ್ರಿಸ್‌ಮಸ್ಸಿಗೆ ಮೊದಲೇ ಕೊಟ್ಟುಬಿಡ್ತೀವಿ. ಯಾವ ದರದಲ್ಲಿ ದುಡಿದಿದ್ರೋ ಅದೇ ದರದಲ್ಲಿ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಆಲ್ಮಾ ಚಹಾದ ಲೋಟ ಕೆಳಗಿಟ್ಟಳು.

"ಅಂದ್ರೆ ನನಗೆ ಯುದ್ಧದ ಕಾಲದ ಕೂಲಿ ಕೊಡ್ತೀರ?"

"ನಿಮ್ಮದು ಹದಿನೈದು ಶಿಲಿಂಗು, ಮಿಸೆಸ್ ಹಾಯ್ಲ್. ಹೊಸ ನಾಣ್ಯದ ಲೆಕ್ಕದಲ್ಲಿ ಎಪ್ಪತ್ತೈದು ಪೆನ್ಸ್, ಮುಕ್ಕಾಲು ಪೌಂಡು."

ಆಗ ಅವಳ ವಾರದ ಕೂಲಿ ಇಪ್ಪತ್ತೆಂಟು ಪೌಂಡು. ಎಪ್ಪತ್ತೈದು ಪೆನ್ಸಿಗೆ ಗಂಡ ಹೆಂಡತಿ ಒಂದು ಹೊತ್ತು ಮೀನು ಚಿಪ್ಸ್ ತಿಂದು ಕೈ ಒರೆಸಿಕೊಳ್ಳಬಹುದಿತ್ತು, ವಿನಿಗರ್ ಅಂಗಡಿಯವನೇ ಕೊಟ್ಟರೆ.

"ಮಿಸ್ಟರ್ ಪೆಲ್ಲಿಂಗ್," ಎಂದಳು ಆಲ್ಮಾ, "ಮೂವತ್ತನಾಲ್ಕು ವರ್ಷ ನನ್ನ ದುಡ್ಡು ಇಟ್ಕೊಂಡಿದ್ರಲ್ಲ, ಅದೇನು ಮರಿ ಹಾಕ್ಲೇ ಇಲ್ವ? ಗೊಡ್ಡು ದುಡ್ಡ ನಂದು?"

ಕ್ಯಾಂಟೀನು ಹೋ ಎಂದು ನಕ್ಕಿತು. ಪೆಲ್ಲಿಂಗ್ ನಗಲಿಲ್ಲ. ಅಂಥವರು ನಗುವುದು ಫೋಟೋಗೆ ಮಾತ್ರ.

ಯೂನಿಯನ್ನಿನವರು ಪತ್ರ ಬರೆದರು. ಪತ್ರಕ್ಕೆ ಉತ್ತರವಾಗಿ ಪತ್ರ ಬಂತು. ಕೆಲಸ ನಿಲ್ಲಿಸೋಣವೆಂದರೆ ಕ್ರಿಸ್‌ಮಸ್ಸಿನ ಓವರ್‌ಟೈಮು ಬಿಡಲು ಅರ್ಧ ಜನಕ್ಕೆ ಮನಸ್ಸಿಲ್ಲ. ಗೇಟಿನ ಮುಂದೆ ಬಟ್ಟೆಯ ಮೇಲೆ ಬರೆದು ಕಟ್ಟಿದರು, ಮಳೆಗೆ ಬಣ್ಣ ಇಳಿದು ಅಕ್ಷರವೆಲ್ಲ ಒಂದಕ್ಕೊಂದು ಅಂಟಿಕೊಂಡಿತು. ಮುನ್ನೂರು ಹೆಂಗಸರ ಒಂದು ವಾರದ ಬೆವರು ಹೀಗೇ ಒಣಗಿಹೋಗುವ ಹಾಗೆ ಕಂಡಿತು.

ಆಲ್ಮಾಗೆ ದುಡ್ಡಿಗಿಂತ ಆ ಮೊದಲ ವಾರ ಮುಖ್ಯವಾಗಿತ್ತು. ಆ ವಾರ ಬೆಲ್ಟಿನ ಬಿಸಿ ತಗಡು ತಾಗಿ ಅವಳ ಎರಡು ಬೆರಳು ಸುಟ್ಟಿದ್ದವು. ಆ ಕಲೆ ಇನ್ನೂ ಇದೆ. "ಇದು ಎಪ್ಪತ್ತೈದು ಪೆನ್ಸಿಂದಾ?" ಎಂದು ಸಿಕ್ಕವರಿಗೆಲ್ಲ ಬೆರಳು ತೋರಿಸುತ್ತ ತಿರುಗಿದಳು.

ಒಂದು ಸಂಜೆ ಕೆಲಸ ಮುಗಿಸಿ ಆಲ್ಮಾ, ಕ್ಲಾರಿಸ್ ಇಬ್ಬರೂ ಗೇಟಿನ ಎದುರು ಬಸ್ಸಿಗೆ ಕಾಯುತ್ತಿದ್ದರು. ಡಿಸೆಂಬರ್‌ನಲ್ಲಿ ಅಲ್ಲಿ ನಾಲ್ಕು ಗಂಟೆಗೇ ಕತ್ತಲು. ಕಾವಲಿನವನು ಸ್ವಿಚ್ಚು ಒತ್ತಿದ, ಮಾಳಿಗೆಯ ಮೇಲಿನ ಫಲಕ ಹೊತ್ತಿಕೊಂಡಿತು. ಆಳೆತ್ತರದ ತಗಡಿನ ಅಕ್ಷರ, ಹೊಟ್ಟೆಯೊಳಗೆ ಬಲ್ಬು. ಮೇಲಿನ ಸಾಲಿನಲ್ಲಿ ಟೌಲರ್ಸ್, ಕೆಳಗಿನ ಸಾಲಿನಲ್ಲಿ ಬಿಸ್ಕಿಟ್ಸ್. ಟೌಲರ್ ಎಂಬ ಹೆಸರಿಗೂ ಕೊನೆಯ ಎಸ್‌ಗೂ ನಡುವೆ, ಮೇಲ್ಗಡೆ, ಇಂಗ್ಲಿಷಿನವರು ಸಿಕ್ಕಿಸುವ ಆ ಸಣ್ಣ ಕೊಕ್ಕೆ, ಅಪಾಸ್ಟ್ರಫಿ. ಅದಕ್ಕೂ ಒಂದು ಬಲ್ಬು. ಸೇತುವೆಯ ಮೇಲೆ ಹೋಗುವ ರೈಲಿನವರಿಗೂ ಆ ಫಲಕ ಕಾಣುತ್ತಿತ್ತು.

ಅಂದು ಮೊದಲ ಅಕ್ಷರ ಟಿ ಕಣ್ಣು ಮಿಟುಕಿಸುತ್ತಿತ್ತು. ಹೊತ್ತುವುದು, ಆರುವುದು, ಹೊತ್ತುವುದು. ಆಲ್ಮಾ ಅದನ್ನೇ ನೋಡುತ್ತ ನಿಂತಳು. ಟಿ ಆರಿದಾಗ ಸಾಲು ಓ ಅಕ್ಷರದಿಂದ ಶುರುವಾಗುತ್ತಿತ್ತು. ಮೂವತ್ತು ವರ್ಷದ ಚಟ, ಕಣ್ಣು ಬೆಲ್ಟಿನ ಮೇಲೆ ಓಡಿದ ಹಾಗೆ ಓಡಿತು. ಓ ಬೇಕು. ಡಬ್ಲ್ಯು ಬೇಕು. ಎಲ್ ಬೇಡ, ಹೋಗಲಿ. ಇ ಬೇಕು. ಆರ್ ಬೇಡ. ಎಸ್ ಬೇಕು.

"ಕ್ಲಾರಿಸ್! 'ಓಸ್' ಪದದ ಸ್ಪೆಲ್ಲಿಂಗು ಹೇಳೇ! ಸಾಲ ಕೊಡಬೇಕು ಅನ್ನೋ ಓಸ್!"

"ಓ, ಡಬ್ಲ್ಯು, ಇ, ಎಸ್. ಯಾಕೆ?"

"ಹಿಂದೆ ಹೋಗ್ದೆ?"

"ಏನು ಹಿಂದೆ ಹೋಗ್ದೆ? ಬಸ್ಸು ಬಂತು ನಡಿ."

"ಬಸ್ಸಿಗೆ ಬೆಂಕಿ ಬೀಳ್ಲಿ. ಮೇಲೆ ನೋಡು!"

ಕ್ಲಾರಿಸ್ ನೋಡಿದಳು. ಬಾಯಿ ತೆರೆದಳು. ಬಸ್ಸು ಹೋಯಿತು.

"ಕೊಡಬೇಕು ಅನ್ನೋದಷ್ಟೇ ಆಯ್ತಲ್ಲೇ. ಯಾರಿಗೆ ಅಂತ ಬೇಡ್ವ?"

"ಕೆಳಗಿನ ಸಾಲು. ಬಿಸ್ಕಿಟ್ಸ್ ಪದದಲ್ಲಿ ಯು ಐತೆ. ಕಟ್ಟಕಡೆಗೆ ಎಸ್ ಐತೆ. ಯು, ಎಸ್. ಅಸ್. ನಮಗೆ!" ಆಲ್ಮಾ ರಸ್ತೆಯಲ್ಲೇ ಕುಣಿದಳು. "ಕೊಡಬೇಕು ನಮಗೆ! ಅವರ ಹೆಸರಲ್ಲೇ ಐತೆ ಕಣೇ! ಅವರ ಹಲ್ಲಿನ ಸಂದೀಲೇ ನಮ್ಮ ಸಾಲ ಸಿಕ್ಕೊಂಡೈತೆ!"

"ನಿನ್ನ ಕಣ್ಣಿಗೆ ವಿಮೆ ಮಾಡಿಸ್ಬೇಕು," ಎಂದಳು ಕ್ಲಾರಿಸ್. ಮೂವತ್ತು ವರ್ಷದಲ್ಲಿ ಮೊದಲ ಸಲ.

ಬೇಡದ ಅಕ್ಷರಗಳ ದೀಪ ಆರಿಸಬಲ್ಲವನು ಒಬ್ಬನೇ, ಕಾರ್ಖಾನೆಯ ಎಲೆಕ್ಟ್ರಿಷಿಯನ್ ಸೆಥ್ ಬಿನ್ಸ್. ಇನ್ನೆರಡು ವರ್ಷಕ್ಕೆ ನಿವೃತ್ತಿ, ಮಂಡಿನೋವು, ಬಾಯಿ ತೆರೆದರೆ ಗೊಣಗಾಟ. ಅವನ ಕೈವಾರ ಇನ್ನೂ ಹಳೆಯದು, ಆಲ್ಮಾಳದ್ದಕ್ಕಿಂತ ಕಡಿಮೆ. ಮಾರನೇ ದಿನ ಮಧ್ಯಾಹ್ನ ಅವನ ಕೊಟ್ಟಡಿಗೆ ಆಲ್ಮಾ ಹಿಟ್ಟಿನೊಳಗೆ ಆಲೂಗಡ್ಡೆ ಮಾಂಸ ತುಂಬಿ ಬೇಯಿಸಿದ ಬಿಸಿ ಪೈ ತೆಗೆದುಕೊಂಡು ಹೋದಳು.

ಸೆಥ್ ಪೈ ನೋಡಿದ, ಆಲ್ಮಾಳನ್ನು ನೋಡಿದ. "ಏನು ಆಗ್ಬೇಕಿತ್ತು ಅಮ್ಮಣ್ಣಿ? ನಿನ್ನ ಪೈ ಪುಕ್ಕಟೆ ಬರಲ್ಲ."

ಅವಳು ಹೇಳಿದಳು. ಅವನು ಅಗಿಯುವುದನ್ನು ನಿಲ್ಲಿಸಿದ.

"ಬಲ್ಬು ತೆಗೆದ್ರೆ ನನ್ನ ಕೆಲಸ ತೆಗೀತಾರೆ."

"ತೆಗೀಬೇಡ. ಸಡಿಲ ಮಾಡು. ಸಡಿಲ ಆಗೋದು ಬಲ್ಬಿನ ಗುಣ. ಗಾಳಿಗೂ ಆಗತ್ತೆ."

"ಹಿಂದುಗಡೆಯಿಂದ ನೋಡಿದ್ರೆ ಎಲ್ಲಾ ತಗಡಿನ ಡಬ್ಬ ಕಣಮ್ಮ. ಯಾವುದು ಯಾವ ಅಕ್ಷರ ಅಂತ ಗೊತ್ತಾಗಲ್ಲ. ಎಣಿಸಿ ಹೇಳು."

ಆಲ್ಮಾ ಬೆರಳು ಮಡಚಿ ಎಣಿಸಿದಳು. "ಹಿಂದುಗಡೆಯಿಂದ, ನಿನ್ನ ಎಡಗೈ ಕಡೆಯಿಂದ. ಮೇಲಿನ ಸಾಲಲ್ಲಿ ಮೊದಲನೇದು ಬಿಡು. ಆ ಕೊಕ್ಕೆ ಆರಿಸು, ಅದರ ಪಕ್ಕದ್ದೂ ಆರಿಸು. ಆಮೇಲೆ ನಾಲ್ಕನೇದು. ಆಮೇಲೆ ಕಟ್ಟಕಡೇದು. ಕೆಳಗಿನ ಸಾಲಲ್ಲಿ ಮೊದಲನೇದು, ನಾಲ್ಕನೇದು ಎರಡೇ ಉರೀಲಿ, ಮಿಕ್ಕಿದ್ದೆಲ್ಲ ಮಲಗ್ಲಿ."

ಸೆಥ್ ಎರಡು ಸಲ ಒಪ್ಪಿಸಿ ತೋರಿಸಿದ. ಪೈ ಮುಗಿಸಿದ. ಬೆಳಕಿರುವಾಗಲೇ ಏಣಿ ಹತ್ತಿದ.

ಅಂದು ಸಂಜೆ ಮುನ್ನೂರು ಹೆಂಗಸರು ಬಸ್ಸು ಬಿಟ್ಟು ರಸ್ತೆಯಲ್ಲಿ ಸೇರಿದರು. ಚಳಿ ಮೂಗು ಕತ್ತರಿಸುತ್ತಿತ್ತು. ನಾಲ್ಕು ಹೊಡೆಯಿತು. ಫಲಕ ಹೊತ್ತಿತು.

ಮೇಲೆ ಓ, ಡಬ್ಲ್ಯು, ಎಲ್, ಎಸ್. ಔಲ್ಸ್. ಕೆಳಗೆ ಅಸ್.

"ಗೂಬೆಗಳು ನಮಗೆ," ಎಂದು ಓದಿದಳು ಕ್ಲಾರಿಸ್, ಸಾವಧಾನವಾಗಿ. "ಸ್ಪೆಲ್ಲಿಂಗು ಮಾತ್ರ ಸರಿಯಾಗೈತೆ."

ಕಾರ್ಖಾನೆಯ ಮೇಲೆ ಗೂಬೆ ಕೂರಿಸುವುದು ಎಂದರೆ ಇದೇ. ಎಲ್ ಆರಬೇಕಿತ್ತು, ಇ ಆರಿತ್ತು. ಆಲ್ಮಾ ನೇರ ಸೆಥ್‌ನ ಕೊಟ್ಟಡಿಗೆ ನುಗ್ಗಿದಳು.

"ನಾಲ್ಕನೇದು ಅಂದಿದ್ನಲ್ಲಯ್ಯಾ!"

"ನಾಲ್ಕನೇದೇ ಆರಿಸಿದ್ದು! ಎಸ್ಸು ಒಂದು, ಕೊಕ್ಕೆ ಎರಡು, ಅದರ ಪಕ್ಕದ್ದು ಮೂರು, ಆಮೇಲಿಂದು ನಾಲ್ಕು!"

"ಕೊಕ್ಕೇನ ಯಾವನಾದ್ರೂ ಎಣಿಸ್ತಾನಾ? ಕೊಕ್ಕೆ ಅಕ್ಷರವೇನೋ?"

"ನೋಡಮ್ಮ, ನಾನು ಅಕ್ಷರ ಎಣಿಸೋನಲ್ಲ, ಹೋಲ್ಡರ್ ಎಣಿಸೋನು. ಅದಕ್ಕೆ ಬಲ್ಬು ಐತೆ. ಬಲ್ಬಿದ್ರೆ ಲೆಕ್ಕ."

ಬೆಲ್ಟಾಟದಲ್ಲಿ ಕೊಕ್ಕೆಗೆ ಲೆಕ್ಕವಿಲ್ಲ, ಎಂದೂ ಇರಲಿಲ್ಲ. ಆ ಕೋಣೆಯ ಹೊರಗೆ ಬೇರೆ ಲೆಕ್ಕದ ಜನರೂ ಇದ್ದಾರೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಮಾರನೇ ಬೆಳಿಗ್ಗೆ ಊರಿಗೆ ಊರೇ ಗೂಬೆ ಮಾತು. ಹಾಲಿನವನು ಬಾಗಿಲಿಗೆ ಬಾಟಲಿ ಇಡುತ್ತ "ಹೂ ಹೂ" ಅಂದ. ಬಸ್ಸಿನ ಕಂಡಕ್ಟರು "ಗೂಬೆಗಳೆಲ್ಲ ಇಲ್ಲೇ ಇಳ್ಕೊಳ್ಳಿ," ಎಂದು ಗೇಟಿನ ಮುಂದೆ ಗಂಟೆ ಬಾರಿಸಿದ. ಊರಿನ ಪತ್ರಿಕೆಯವರು ಫೋನು ಮಾಡಿ, ಮಾಳಿಗೆಯಲ್ಲಿ ಗೂಬೆ ಮರಿ ಮಾಡಿದೆಯೇ, ಅದಕ್ಕೆ ಫಲಕ ಬದಲಾಯಿಸಿದ್ದೀರಾ, ಸಂಜೆ ಬಂದು ಫೋಟೋ ತೆಗೆಯಬಹುದೇ ಎಂದು ಕೇಳಿದರು.

ಪೆಲ್ಲಿಂಗ್ ಮೊದಲು ರೇಗಿದ. ಆಮೇಲೆ ಅವನ ತಲೆಯೊಳಗೂ ಒಂದು ಬಲ್ಬು ಹೊತ್ತಿತು. ಕ್ರಿಸ್‌ಮಸ್ಸಿಗೆ ಮೊದಲು ಪತ್ರಿಕೆಯಲ್ಲಿ ಫೋಟೋ, ಕಾಸಿಲ್ಲದೆ ಜಾಹೀರಾತು! ನಾಲ್ಕಕ್ಕೆ ಸರಿಯಾಗಿ ಬನ್ನಿ ಎಂದ. ಸೆಥ್‌ನನ್ನು ಕರೆಸಿದ.

"ಬಿನ್ಸ್, ಫೋಟೋದವರು ಬರ್ತಾರೆ. ಅಷ್ಟರೊಳಗೆ ಮೇಲೆ ಹೋಗಿ ಸರಿಮಾಡು. ಅಕ್ಷರ ಒಂದೂ ತಪ್ಪಬಾರದು."

"ಒಂದೂ ತಪ್ಪಲ್ಲ ಮಿಸ್ಟರ್ ಪೆಲ್ಲಿಂಗ್," ಎಂದ ಸೆಥ್. ಏಣಿ ಹತ್ತುವ ಮೊದಲು ಡಬ್ಬಿ ಕೋಣೆಯ ಬಾಗಿಲಲ್ಲಿ ತಲೆ ಹಾಕಿದ. "ಕೊಕ್ಕೆ ಬಿಟ್ಟು ನಾಲ್ಕನೇದು. ಹೌದೋ?"

"ಕೊಕ್ಕೆ ಬಿಟ್ಟು!" ಇಡೀ ಸಾಲು ಒಂದೇ ಸ್ವರದಲ್ಲಿ ಕೂಗಿತು. ಬೆಲ್ಟಿನ ಮೇಲೆ ಒಂದಿಷ್ಟು ಬಿಸ್ಕತ್ತು ಯಾರ ಕೈಗೂ ಸಿಗದೆ ನೆಲಕ್ಕೆ ಬಿತ್ತು. ಬೀಳಲಿ ಬಿಡಿ.

ಪೆಲ್ಲಿಂಗ್ ಕೂದಲು ಬಾಚಿಕೊಂಡು, ಕ್ರಿಸ್‌ಮಸ್ ಡಬ್ಬಿಯೊಂದನ್ನು ಎದೆಗವಚಿಕೊಂಡು, ಫಲಕದ ನೇರ ಕೆಳಗೆ ಅಂಗಳದಲ್ಲಿ ನಿಂತ. ಎದುರು ಪತ್ರಿಕೆಯ ಫೋಟೋದವನು. ಅವನ ಬೆನ್ನ ಹಿಂದೆ, ಗೇಟಿನ ಹೊರಗೆ, ಊರಿನ ಅರ್ಧ ಜನ. ಪಕ್ಷಿ ನೋಡುವವರು ನಾಲ್ವರು ದುರ್ಬೀನು ಹಿಡಿದು ಬಂದಿದ್ದರು ಪಾಪ.

ಆಲ್ಮಾ ಬೇಲಿಯ ಕಂಬಿ ಹಿಡಿದು ನಿಂತಿದ್ದಳು. ಇದೂ ತಪ್ಪಿದರೆ ಮುಗಿಯಿತು. ನಗೆಪಾಟಲು ಒಂದು ಸಲ ಆಗಬಹುದು, ಎರಡನೇ ಸಲ ಆದರೆ ಊರು ನಿಮ್ಮ ಮಾತಿಗೆ ತಲೆ ಎತ್ತಿ ನೋಡುವುದಿಲ್ಲ. ಸುಟ್ಟ ಬೆರಳಿನ ವಾರ ಎಪ್ಪತ್ತೈದು ಪೆನ್ಸಿಗೆ ಹೋಗಿಬಿಡುತ್ತದೆ.

ಕಾವಲಿನವನು ಸ್ವಿಚ್ಚು ಒತ್ತಿದ.

ಓ. ಡಬ್ಲ್ಯು. ಇ. ಎಸ್. ಕೆಳಗೆ ಯು. ಎಸ್.

ಪೆಲ್ಲಿಂಗ್ ಹಿಂದೆ ತಿರುಗಿ ನೋಡಲಿಲ್ಲ. ಕ್ಯಾಮೆರಾ ನೋಡಿಕೊಂಡು ಹಲ್ಲು ಬಿಟ್ಟ. ಗೇಟಿನ ಹೊರಗೆ ಎದ್ದ ಕೂಗು ತನ್ನ ಡಬ್ಬಿಗೆ ಎಂದುಕೊಂಡು ಇನ್ನೂ ಅಗಲ ಹಲ್ಲು ಬಿಟ್ಟ. ಫೋಟೋದವನು ಒಂದಾದ ಮೇಲೊಂದು ತೆಗೆದ. ಸೇತುವೆಯ ಮೇಲೆ ಹೋಗುತ್ತಿದ್ದ ರೈಲಿನ ಚಾಲಕ ಕೂಡ ಓದಿದನೋ ಏನೋ, ಉದ್ದಕ್ಕೆ ಒಂದು ಸೀಟಿ ಹೊಡೆದ.

"ಏನಂತೆ? ಏನು ಕೊಡಬೇಕಂತೆ ಇವರು?" ಫೋಟೋದವನು ಗೇಟಿನ ಹೊರಗೆ ಬಂದು ಕೇಳಿದ.

ಆಲ್ಮಾ ಎರಡು ಬೆರಳು ಅವನ ಮೂಗಿನ ಮುಂದೆ ಹಿಡಿದಳು. "ಬರ್ಕೋ," ಎಂದಳು.

ಶನಿವಾರದ ಪತ್ರಿಕೆಯ ಮೊದಲ ಪುಟದಲ್ಲಿ ಪೆಲ್ಲಿಂಗ್ ನಗುತ್ತಿದ್ದ. ಅವನ ತಲೆಯ ಮೇಲೆ 'ಕೊಡಬೇಕು ನಮಗೆ' ಉರಿಯುತ್ತಿತ್ತು. ಕೆಳಗೆ ಕೈವಾರದ ಕಥೆ, ಹದಿನೈದು ಶಿಲಿಂಗು, ಎಲ್ಲ. ಸೋಮವಾರ ಲಂಡನ್ನಿನ ಒಂದು ಪತ್ರಿಕೆಯೂ ಅದನ್ನು ಎತ್ತಿಕೊಂಡಿತು. ಬಿಸ್ಕತ್ತು ಮಾರುವ ಅಂಗಡಿಗಳವರು ಫೋನು ಮಾಡಿ, ಏನ್ರೀ ಇದು, ಹೆಂಗಸರ ಕೂಲಿ ತಿಂದು ಬಿಸ್ಕತ್ತು ಮಾಡ್ತೀರಾ ಎಂದು ಕೇಳಿದರು. ಬುಧವಾರ ಕಂಪನಿ ಬಗ್ಗಿತು. ಎಲ್ಲರ ಕೈವಾರವೂ ಇಂದಿನ ದರದಲ್ಲಿ, ಕ್ರಿಸ್‌ಮಸ್ಸಿಗೆ ಮೊದಲು.

ಪೆಲ್ಲಿಂಗ್ ಕ್ಯಾಂಟೀನಿಗೆ ಬಂದು ಇದನ್ನು ಹೇಳಿದ, ಹಲ್ಲುನೋವಿನವನ ಹಾಗೆ. ಆಮೇಲೆ ಕೇಳಿದ:

"ಬಲ್ಬು ಗಾಳಿಗೆ ಸಡಿಲ ಆಯ್ತು ಅಂತಾನೆ ಬಿನ್ಸ್. ಆ ಪದ ಮಾಡಿದ್ದು ಯಾರು?"

ಗೂಬೆ ಕೂರಿಸಲು ಒಂದು ತಲೆ ಹುಡುಕುತ್ತಿದ್ದಾನೆಂದು ಎಲ್ಲರಿಗೂ ಗೊತ್ತು. ಸೆಥ್ ಚಹಾದ ಲೋಟದೊಳಗೆ ಇಳಿದುಹೋಗಿದ್ದ. ಕ್ಲಾರಿಸ್ ಟೇಬಲ್ಲಿನ ಕೆಳಗೆ ಆಲ್ಮಾಳ ಕಾಲು ತುಳಿದಳು. ಸುಮ್ಮನಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಪೆಲ್ಲಿಂಗ್ ಒಂದು ಮಾತು ಹೆಚ್ಚು ಆಡಿದ.

"ಯಾರೋ ಓದಿಕೊಂಡ ಯೂನಿಯನ್ ಗಂಡಸರ ಕೆಲಸ ಇರಬೇಕು."

ಆಲ್ಮಾ ಎದ್ದು ನಿಂತಳು. ಜಂಬ ಸುಮ್ಮನೆ ಕೂರಲು ಬಿಟ್ಟರೆ ತಾನೆ?

"ಗಂಡಸ್ರಾ? ಆ ಪದ ಕಂಡಿದ್ದು ನಾನು! ಬಸ್‌ಸ್ಟಾಪಲ್ಲಿ ನಿಂತು! ಹಿಂದೆ ಹೋಗ್ದೆ!"

"ಮುಗೀತು," ಎಂದಳು ಕ್ಲಾರಿಸ್. "ಬೀಗ ಮಾಡಿಸು ಅಂದಿದ್ದೆ."

ಪತ್ರಿಕೆಯವರ ಕಣ್ಣಿರುವಾಗ ಅವಳನ್ನು ಕೆಲಸದಿಂದ ತೆಗೆಯುವ ಧೈರ್ಯ ಅವನಿಗಿರಲಿಲ್ಲ. ಮುನ್ನೂರು ಹೆಂಗಸರಿಗೆ ತಲಾ ಇಪ್ಪತ್ತೆಂಟು ಪೌಂಡು ಬಂತು. ಆಲ್ಮಾಗೆ ಇಪ್ಪತ್ತೈದು ಪೌಂಡು ಇಪ್ಪತ್ತು ಪೆನ್ಸ್. ಒಂಬತ್ತು ಅಕ್ಷರ, ಒಂದು ಕೊಕ್ಕೆ, ಅವುಗಳ ಬಲ್ಬಿನ ಬೆಲೆ ಮುರಿದುಕೊಂಡಿದ್ದರು. ಸೆಥ್ ಸಡಿಲಿಸಿದ್ದನ್ನೆಲ್ಲ ಫೋಟೋ ತೆಗೆದ ಮಾರನೇ ದಿನವೇ ಬಿಗಿಮಾಡಿದ್ದ, ಒಂದು ಬಲ್ಬೂ ಒಡೆದಿರಲಿಲ್ಲ.

"ಹೋದ ಬಿಸ್ಕತ್ತು ಹೋಯ್ತು ಬಿಡೇ," ಎಂದಳು ಕ್ಲಾರಿಸ್.

"ಬಿಸ್ಕತ್ತು ಹೋಗ್ಲಿ. ದುಡ್ಡು ಬರ್ಬೇಕು."

ಅದಾದ ಮೇಲೆ ಪ್ರತಿ ಡಿಸೆಂಬರ್‌ನಲ್ಲೂ ಆಲ್ಮಾ ಆಫೀಸಿಗೆ ಹೋಗಿ ಎರಡು ಪೌಂಡು ಎಂಬತ್ತು ಪೆನ್ಸ್ ಕೇಳಿದಳು. ಪೆಲ್ಲಿಂಗ್ ಹೋಗಿ ಇನ್ನೊಬ್ಬ ಬಂದ, ಅವನನ್ನೂ ಕೇಳಿದಳು. ಕಾರ್ಖಾನೆ ಮುಚ್ಚುವ ದಿನ ಬೀಗ ಹಾಕುತ್ತಿದ್ದವನನ್ನೂ ಕೇಳಿದಳು. ಈಗ ಊರುಗೋಲು ಹಿಡಿದು ಕಾರ್ಪೆಟ್ ಅಂಗಡಿಗೆ ಹೋಗುತ್ತಾಳೆ. ಅಲ್ಲಿನವರು ಒಳ್ಳೆಯವರು, ಕೂರಿಸಿ ಚಹಾ ಕೊಡುತ್ತಾರೆ. ಅವಳು ಬಾಗಿಲ ಮೇಲಿನ ಅವರ ಹೆಸರನ್ನು ಓದುತ್ತ, ತುಟಿ ಅಲುಗಿಸುತ್ತ, ಬೇಡದ ಅಕ್ಷರಗಳನ್ನು ಒಂದೊಂದಾಗಿ ಆರಿಸುತ್ತ ಕೂರುತ್ತಾಳೆ. ಅವರಿಗೆ ಅದು ಮುದುಕಿಯ ಪ್ರಾರ್ಥನೆಯ ಹಾಗೆ ಕಾಣುತ್ತದೆ.

ಈಗ ನೀವು. ಓದಿ ನಕ್ಕಿರಲ್ಲ, ಸಂತೋಷ. ನೀವು ದುಡಿದ ಮೊದಲ ವಾರ ಯಾರ ಜೇಬಿನಲ್ಲಿ ಮಲಗಿದೆ? ನಾಳೆ ಕೆಲಸಕ್ಕೆ ಹೋದಾಗ ಗೇಟಿನ ಮುಂದೆ ನಿಂತು ತಲೆ ಎತ್ತಿ. ನಿಮ್ಮ ಮಾಲೀಕನ ಹೆಸರನ್ನು ಹಿಂದೆ ಹೋಗದೆ, ಕೊಕ್ಕೆ ಬಿಟ್ಟು ಓದಿ. ಆಮೇಲೆ ಒಳಗೆ ಹೋಗಿ ನಿಮ್ಮ ಬಾಕಿ ಕೇಳಿ. ಕೇಳುತ್ತೀರೋ ಇಲ್ಲವೋ?